ಎಳೆದ ದೂರ ಏನನ್ನು ಅಳೆಯುತ್ತದೆ? ಟ್ರ್ಯಾಕ್ಟರ್ ಜಗ್ಗುವ ಪಂದ್ಯಗಳ ಕುರಿತು ಒಂದು ವಿಶ್ಲೇಷಣೆ

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಬಸವನಿಗೆ ಪೂಜೆ ಸಲ್ಲುತ್ತದೆ. ರಾಯಚೂರಿನ ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ ಅದೇ ಎತ್ತಿನ ಬಲ ಅಳತೆಗೆ ಒಳಪಡುತ್ತದೆ. ಭಾರವಾದ ಕಲ್ಲನ್ನು ನಿಗದಿತ ಅವಧಿಯಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಕಲ್ಲೂ ಸಮಯವೂ ಎಲ್ಲರಿಗೂ ಒಂದೇ ಆಗಿರುವುದರಿಂದ ದೂರವೇ ನ್ಯಾಯವಾದ ಅಳತೆಗೋಲಾಗುತ್ತದೆ.

ಅಮೆರಿಕ ಮತ್ತು ಯುರೋಪಿನ ಟ್ರ್ಯಾಕ್ಟರ್ ಪಂದ್ಯಗಳ ತತ್ತ್ವವೂ ಇದೇ. ಟ್ರ್ಯಾಕ್ಟರ್‌ಗಳನ್ನು ತೂಕದ ಪ್ರಕಾರ ವರ್ಗೀಕರಿಸಿ, ಒಂದೇ ಭಾರದ ಬಂಡಿಯನ್ನು ಸರದಿಯಂತೆ ಎಳೆಸಲಾಗುತ್ತದೆ. ಬಂಡಿ ಸಾಗಿದಂತೆ ಅದರ ಮೇಲಿನ ತೂಕದ ಪೆಟ್ಟಿಗೆ ಮುಂದಕ್ಕೆ ಸರಿಯುವುದರಿಂದ ಎಳೆತ ಕಠಿಣವಾಗುತ್ತ ಹೋಗುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ 300 ಅಡಿ, ಯುರೋಪಿನಲ್ಲಿ 100 ಮೀಟರ್ ಕ್ರಮಿಸಿದರೆ ಅದು ಪೂರ್ಣ ಎಳೆತ. ಒಬ್ಬರಿಗಿಂತ ಹೆಚ್ಚು ಮಂದಿ ಗುರಿ ತಲುಪಿದರೆ ಮರುಪಂದ್ಯ. ಅಂಚಿನ ಗೆರೆ ದಾಟಿದವರು ಅನರ್ಹರು.

ನಮ್ಮಲ್ಲಿ ಎರಡು ಟ್ರ್ಯಾಕ್ಟರ್‌ಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವುದುಂಟು. ಇಲ್ಲಿ ಭಾರ ಸಮನಲ್ಲ, ಎದುರಾಳಿಯ ಎಳೆತವೂ ಸ್ಥಿರವಲ್ಲ. ಆದ್ದರಿಂದ ದೂರ ಏನನ್ನೂ ಸಾಬೀತುಪಡಿಸುವುದಿಲ್ಲ. ಅಪಾಯ ಮಾತ್ರ ಖಚಿತ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೆ ಮುಂದಿನ ಗಾಲಿಗಳು ಮೇಲೆದ್ದು, ಕ್ಷಣಾರ್ಧದಲ್ಲಿ ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಮಗುಚಬಹುದು. ಸಾಹಸ ಪ್ರದರ್ಶನದಲ್ಲಿ ಯುವಕನೊಬ್ಬ ಟ್ರ್ಯಾಕ್ಟರ್ ಅಡಿ ಸಿಲುಕಿ ಮೃತಪಟ್ಟ ನಂತರ, 2023ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರ್ಕಾರ ಅಂತಹ ಪ್ರದರ್ಶನಗಳನ್ನು ನಿಷೇಧಿಸಿತು. ಜಾತ್ರಾ ಸಮಿತಿಗಳು ಸಲಹೆ ಕೇಳಿದಾಗ ವಿಸ್ತರಣಾ ಕಾರ್ಯಕರ್ತರು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಸಬೇಕು.

ಎಳೆದ ದೂರ ಇಂಜಿನ್ನಿನ ಅಶ್ವಶಕ್ತಿಯನ್ನಷ್ಟೇ ಅಲ್ಲ, ಗಾಲಿಗೆ ಮಣ್ಣಿನಲ್ಲಿ ದೊರೆಯುವ ಹಿಡಿತವನ್ನೂ ತೋರಿಸುತ್ತದೆ. ಇದನ್ನು ರೈತ ಬಾಂಧವರು ತಮ್ಮ ಹೊಲದಲ್ಲಿಯೇ ಪರೀಕ್ಷಿಸಬಹುದು. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲನ್ನು ಎತ್ತಿಕೊಂಡು 10 ಸುತ್ತು ಸಾಗಿದ ದೂರವನ್ನು ಅಳೆಯಿರಿ. ಬಳಿಕ ಉಳುಮೆ ಮಾಡುತ್ತ 10 ಸುತ್ತಿನ ದೂರವನ್ನು ಅಳೆಯಿರಿ. ಮೊದಲನೆಯದು 40 ಮೀಟರ್, ಎರಡನೆಯದು 35 ಮೀಟರ್ ಆದರೆ ಗಾಲಿಯ ಜಾರಿಕೆ ಶೇ. 12.5. ಹೊಲದಲ್ಲಿ ಸುಮಾರು ಶೇ. 8ರಿಂದ 15 ಸೂಕ್ತ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ ಮತ್ತು ಟೈರ್ ವ್ಯರ್ಥ. ಬಹಳ ಕಡಿಮೆಯಾದರೆ ಟ್ರ್ಯಾಕ್ಟರ್‌ಗೆ ಅನಗತ್ಯ ತೂಕ ಹೇರಲಾಗಿದೆ, ಮಣ್ಣು ಗಟ್ಟಿಯಾಗುತ್ತಿದೆ ಎಂದು ತಿಳಿಯಬೇಕು.

ಪಂದ್ಯದ ಬಹುಮಾನ ಒಂದು ದಿನದ್ದು. ಈ 5 ಮೀಟರ್ ವ್ಯತ್ಯಾಸದ ಲೆಕ್ಕ ಪ್ರತಿ ಹಂಗಾಮಿನದು.