ವ್ಯಕ್ತಿತ್ವಕ್ಕೆ ಅಳತೆಗೋಲುಂಟೆ?

ಒಬ್ಬನನ್ನು ಮುಂಗೋಪಿಯೆಂದೂ ಇನ್ನೊಬ್ಬನನ್ನು ಸಂಕೋಚದವನೆಂದೂ ಮತ್ತೊಬ್ಬನನ್ನು ಹಟಮಾರಿಯೆಂದೂ ನಾವು ಕರೆಯುತ್ತೇವೆ. ಇದು ಎಲ್ಲರೂ ದಿನವೂ ನಡೆಸುವ ವ್ಯಕ್ತಿತ್ವ ಪರೀಕ್ಷೆ. ಇದನ್ನೇ ಶಾಸ್ತ್ರೀಯವಾಗಿ ನಡೆಸಲು ಸಾಧ್ಯವೆ ಎಂಬ ಪ್ರಶ್ನೆ ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ. ಕುಂದಲಹಳ್ಳಿಯಿಂದ ವೈಟ್‌ಫೀಲ್ಡಿನವರೆಗೆ ಹಬ್ಬಿರುವ ಕಚೇರಿಗಳಲ್ಲಿ ಉದ್ಯೋಗವನ್ನು ಬಯಸುವ ತರುಣ ತರುಣಿಯರು ಗಣಿತ ಮತ್ತು ಭಾಷೆಯ ಪರೀಕ್ಷೆಗಳ ಜೊತೆಗೆ ಅನೇಕ ವೇಳೆ ವ್ಯಕ್ತಿತ್ವದ ಪ್ರಶ್ನಾವಳಿಗೂ ಉತ್ತರ ಬರೆಯಬೇಕಾಗುತ್ತದೆ. “ನೀನು ಅಂತರ್ಮುಖಿ, ನಾಯಕತ್ವಕ್ಕೆ ತಕ್ಕವನಲ್ಲ” ಎಂಬ ತೀರ್ಪನ್ನು ನಂಬಿ ಹಿಂಜರಿಯುವ ವಿದ್ಯಾರ್ಥಿಗಳನ್ನು ಅಧ್ಯಾಪಕರಾದ ನಾವು ಕಾಣುತ್ತಿದ್ದೇವೆ. ಮನುಷ್ಯನ ಗುಣವನ್ನು ಅಳೆಯುವುದು ತಪ್ಪಲ್ಲ. ಅಳತೆಗೋಲನ್ನು ಪರೀಕ್ಷಿಸದೆ ಅಳತೆಯನ್ನು ನಂಬುವುದು ತಪ್ಪು.

ಈ ಶಾಸ್ತ್ರ ಬೆಳೆದ ಬಗೆ ಸ್ವಾರಸ್ಯವಾಗಿದೆ. 1936ರಲ್ಲಿ ಅಮೆರಿಕದ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಎಂಬ ವಿದ್ವಾಂಸರು ಇಂಗ್ಲಿಷ್ ನಿಘಂಟೊಂದನ್ನು ಶೋಧಿಸಿ, ಮನುಷ್ಯರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಹೇಳುವ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು. ಮುಂದಿನ ಸಂಶೋಧಕರು ಇಂತಹ ಪದಗಳಲ್ಲಿ ಯಾವುವು ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಗಣಿತದ ಸಹಾಯದಿಂದ ಲೆಕ್ಕಹಾಕಿ ಐದು ಮುಖ್ಯ ಗುಣಗಳನ್ನು ಗುರುತಿಸಿದರು. ಹೊಸತನ್ನು ಸ್ವಾಗತಿಸುವ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಮನಸ್ಸು ಬೇಗನೆ ಕಳವಳಗೊಳ್ಳುವ ಪ್ರವೃತ್ತಿ—ಇವೇ ಆ ಐದು. ಇವುಗಳಲ್ಲಿ ಪ್ರತಿಯೊಂದೂ ಎಲ್ಲರಲ್ಲಿಯೂ ಇದೆ. ಹೆಚ್ಚು ಕಡಿಮೆ ಎಂಬ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ.

ಈ ಪ್ರಮಾಣದ ವಿಚಾರವನ್ನು ಮರೆತಾಗ ಮೊದಲನೆಯ ದೋಷ ಉಂಟಾಗುತ್ತದೆ. ಹವೆಯ ಉಷ್ಣತೆ 25 ಡಿಗ್ರಿಗಿಂತ ಹೆಚ್ಚಾದ ದಿನಗಳನ್ನೆಲ್ಲ “ಬಿಸಿ” ಎಂದೂ ಕಡಿಮೆಯಾದವನ್ನು “ತಂಪು” ಎಂದೂ ಎರಡು ಜಾತಿ ಮಾಡಿದೆವೆನ್ನೋಣ. ಆಗ 24.9 ಮತ್ತು 25.1 ಡಿಗ್ರಿಯ ದಿನಗಳು ಬೇರೆ ಬೇರೆ ಜಾತಿಯವಾಗುತ್ತವೆ, 25.1 ಮತ್ತು 38 ಡಿಗ್ರಿಯವು ಒಂದೇ ಜಾತಿಯವಾಗುತ್ತವೆ! ಕಚೇರಿಗಳ ತರಬೇತಿಗಳಲ್ಲಿ ಜನಪ್ರಿಯವಾಗಿರುವ ಮೈಯರ್ಸ್-ಬ್ರಿಗ್ಸ್ ಸೂಚಿ ಮನುಷ್ಯರನ್ನು ಹೀಗೆಯೇ 16 ಬಗೆಗಳಾಗಿ ವಿಂಗಡಿಸುತ್ತದೆ. ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದ ಆಧಾರದ ಮೇಲೆ ಅಮೆರಿಕದ ತಾಯಿ ಮಗಳಿಬ್ಬರು ಇದನ್ನು ರಚಿಸಿದರು. ಬಹುಮಂದಿ ನಡುವಿನ ಪ್ರಮಾಣದಲ್ಲಿಯೇ ಇರುವುದರಿಂದ, ಐದು ವಾರಗಳ ತರುವಾಯ ಮತ್ತೆ ಉತ್ತರಿಸಿದಾಗ ಅರ್ಧದಷ್ಟು ಜನರು ಬೇರೊಂದು ಬಗೆಗೆ ಸೇರಿಹೋದುದೂ ಉಂಟು. ಈ ಸೂಚಿಯನ್ನು ನೌಕರರ ಆಯ್ಕೆಗೆ ಬಳಸಬಾರದೆಂದು ಅದರ ಪ್ರಕಾಶಕರೇ ಹೇಳಿದ್ದಾರೆ.

ಹಾಗಾದರೆ “ನನ್ನ ವಿಷಯದಲ್ಲಿ ಅದು ಹೇಳಿದ್ದೆಲ್ಲ ನಿಜ” ಎಂದು ಅನೇಕರಿಗೆ ಏಕೆ ತೋರುತ್ತದೆ? ಇದಕ್ಕೆ ಫೋರರ್ ಎಂಬ ಮನಶ್ಶಾಸ್ತ್ರಜ್ಞನ ಪ್ರಯೋಗದಲ್ಲಿ ಉತ್ತರವಿದೆ. 1948ರಲ್ಲಿ ಆತ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆಯೊಂದನ್ನು ಕೊಟ್ಟು, ಬಳಿಕ ಪ್ರತಿಯೊಬ್ಬನಿಗೂ ಅವನದೇ ಎಂದು ಹೇಳಿ ಗುಣವರ್ಣನೆಯನ್ನು ಹಂಚಿದ. ವಿದ್ಯಾರ್ಥಿಗಳು ಅದರ ಸತ್ಯತೆಗೆ ಐದರಲ್ಲಿ ಸರಾಸರಿ 4.26 ಅಂಕಗಳನ್ನು ಕೊಟ್ಟರು. ಎಲ್ಲರಿಗೂ ಹಂಚಿದ್ದು ಒಂದೇ ವರ್ಣನೆ. ಅದರ ಬಹುತೇಕ ವಾಕ್ಯಗಳನ್ನು ಆತ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿಕೊಂಡಿದ್ದ. ಹೀಗಿರಲು, ಪರೀಕ್ಷೆಯ ಫಲ ನಮ್ಮ ಮನಸ್ಸಿಗೆ ಒಪ್ಪಿಗೆಯಾಯಿತೆಂಬುದು ಅದು ಸತ್ಯವೆಂಬುದಕ್ಕೆ ಸಾಕ್ಷಿಯಾಗಲಾರದು.

ಮೂರನೆಯ ದೋಷ ನಮ್ಮ ನಾಡಿಗೆ ಹೆಚ್ಚು ಸಂಬಂಧಿಸಿದುದು. ಪರೀಕ್ಷೆಯೊಂದು ಯಾವ ಜನರಿಗಾಗಿ ಸಿದ್ಧವಾಯಿತೋ ಅವರಲ್ಲದವರ ಮೇಲೆ ಅದನ್ನು ಪ್ರಯೋಗಿಸಿದರೆ ಅಳೆಯುವುದೇ ಬೇರೆಯಾಗಬಹುದು. ಇದನ್ನು ನಮ್ಮವರು ಬಹಳ ಹಿಂದೆಯೇ ಅರಿತಿದ್ದರು. ಫ್ರಾನ್ಸಿನ ಬಿನೆ 1905ರಲ್ಲಿ ಸಿದ್ಧಪಡಿಸಿದ ಬುದ್ಧಿಪರೀಕ್ಷೆ ಇಲ್ಲಿಗೆ ಬಂದಾಗ ವಿ. ವಿ. ಕಾಮತರು ಅದನ್ನು ಅನುವಾದಿಸಿ ಸುಮ್ಮನಾಗಲಿಲ್ಲ. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಪ್ರಶ್ನೆಗಳನ್ನು ಕೊಟ್ಟು ನೋಡಿ, ಮಾರ್ಪಡಿಸಿ, 1934ರಲ್ಲಿ ತಮ್ಮ ಪರಿಷ್ಕರಣವನ್ನು ಕುರಿತ ಲೇಖನವನ್ನೂ 1940ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಒಂದು ಭಾಷೆಯ ಮಗುವಿಗೆ ಸುಲಭವಾದ ಪ್ರಶ್ನೆ ಇನ್ನೊಂದು ಭಾಷೆಯ ಮಗುವಿಗೆ ಕಠಿಣವಾಗಬಹುದಾದುದರಿಂದ ಅಳತೆಗೋಲಿನ ಗುರುತುಗಳನ್ನು ಹೊಸದಾಗಿ ಹಾಕಲೇಬೇಕಾಗಿತ್ತು.

ಅವರು ವಹಿಸಿದ ಈ ಎಚ್ಚರ ಇಂದು ಎಷ್ಟು ಕಡೆ ಉಳಿದಿದೆ? ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಜಾಣೆಯೊಬ್ಬಳು ಇಂಗ್ಲಿಷಿನ ಗುಂಪುಚರ್ಚೆಯಲ್ಲಿ ಮೌನವಾಗಿದ್ದರೆ ಅವಳಿಗೆ ಆತ್ಮವಿಶ್ವಾಸವಿಲ್ಲವೆಂದು ಬರೆದುಬಿಡುವುದುಂಟು. ಅದೇ ಹುಡುಗಿ ಗೆಳತಿಯರೊಡನೆ ಕನ್ನಡದಲ್ಲಿ ವಾದಕ್ಕೆ ನಿಂತರೆ ಸೋಲುವವಳಲ್ಲ. ಇಲ್ಲಿ ಅಳೆದದ್ದು ಇಂಗ್ಲಿಷ್ ಮಾತಿನ ರೂಢಿಯನ್ನು, ವ್ಯಕ್ತಿತ್ವವನ್ನಲ್ಲ. ಇದು ತಕ್ಕಡಿಯಲ್ಲಿ ತೂಗಿ ಎತ್ತರವನ್ನು ಹೇಳಿದಂತೆ. “ವ್ಯಕ್ತಿತ್ವ ವಿಕಸನ”ದ ಹೆಸರಿನಲ್ಲಿ ಇಂಗ್ಲಿಷ್ ಉಚ್ಚಾರಣೆಯನ್ನೂ ಉಡುಪಿನ ನಾಜೂಕನ್ನೂ ಕಲಿಸುವ ತರಗತಿಗಳೂ ಇದೇ ಭ್ರಮೆಯನ್ನು ಬೆಳೆಸುತ್ತವೆ. ಆ ಕಲಿಕೆ ಉಪಯುಕ್ತವೇ ಸರಿ. ಆದರೆ ಅದು ವ್ಯಕ್ತಿತ್ವವಲ್ಲ.

ವ್ಯಕ್ತಿತ್ವವು ಬೆಳೆಯುವುದು ಇಷ್ಟು ಬೇಗನೆ ಅಲ್ಲ. ಜನರ ನಡುವಣ ಗುಣವ್ಯತ್ಯಾಸಗಳಲ್ಲಿ ಸುಮಾರು ಶೇಕಡಾ 40ರಿಂದ 50ರಷ್ಟು ಆನುವಂಶಿಕವೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಉಳಿದುದಕ್ಕೆ ಅನುಭವ, ಸಹವಾಸ, ಪರಿಸರಗಳು ಕಾರಣ. ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ ಸಾಮಾನ್ಯವಾಗಿ ಕರ್ತವ್ಯನಿಷ್ಠೆ ಹೆಚ್ಚುತ್ತದೆ, ಮನಸ್ಸು ಹೆಚ್ಚು ಸ್ಥಿಮಿತಕ್ಕೆ ಬರುತ್ತದೆ. ಹದಿನೆಂಟರಲ್ಲಿ ಬರೆದ ಉತ್ತರ ಆ ವಯಸ್ಸಿನ ಒಂದು ಛಾಯಾಚಿತ್ರವೇ ಹೊರತು ಹಣೆಬರಹವಲ್ಲ.

ನೂರಾರು ಅಭ್ಯರ್ಥಿಗಳಲ್ಲಿ ಕೆಲವರನ್ನು ಆರಿಸಬೇಕಾದವರು ಏನು ಮಾಡಬೇಕು ಎಂದು ಕೇಳಬಹುದು. ಇದಕ್ಕೆ ನಮ್ಮ ಸೈನ್ಯದ ಪದ್ಧತಿಯನ್ನು ನೋಡಬಹುದು. ಬೆಂಗಳೂರಿನಲ್ಲಿಯೂ ಇರುವ ಅಧಿಕಾರಿಗಳ ಆಯ್ಕೆ ಕೇಂದ್ರದಲ್ಲಿ ಒಂದು ಕಾಗದದ ಮೇಲೆ ತೀರ್ಮಾನವಾಗುವುದಿಲ್ಲ. ಚಿತ್ರ ನೋಡಿ ಕಥೆ ಬರೆಯುವುದು, ಗುಂಪಿನಲ್ಲಿ ಕೂಡಿ ಕೆಲಸ ಮಾಡುವುದು, ಸಂದರ್ಶನ ಎಂದು ಹಲವು ದಿನಗಳ ಕಾಲ ಹಲವು ಪರೀಕ್ಷಕರು ಬೇರೆ ಬೇರೆ ದಿಕ್ಕಿನಿಂದ ನೋಡುತ್ತಾರೆ. ಅಲ್ಲಿಯೂ ದೋಷಗಳಿರಬಹುದು, ಆದರೆ ಹಲವು ಅಳತೆಗಳನ್ನು ಹೋಲಿಸುವ ವಿವೇಕವಿದೆ. ಪ್ರಯೋಗಶಾಲೆಯಲ್ಲಿ ಒಂದೇ ಒಂದು ಸಲ ಓದಿದ ಅಂಕಿಯನ್ನು ಯಾವ ಅಧ್ಯಾಪಕನೂ ಒಪ್ಪುವುದಿಲ್ಲವಷ್ಟೆ?

ವಿಜ್ಞಾನದ ವಿದ್ಯಾರ್ಥಿಗಳು ಇಂತಹ ಪರೀಕ್ಷೆ ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಮತ್ತೆ ಅಳೆದರೆ ಅದೇ ಫಲ ಬರುವುದೆ? ಅಳೆಯುವೆನೆಂದು ಹೇಳಿದುದನ್ನೇ ಅದು ಅಳೆಯುವುದೆ? ನನ್ನಂತಹವರ ಮೇಲೆ ಅದನ್ನು ಪರೀಕ್ಷಿಸಿ ನೋಡಿದ್ದಾರೆಯೆ? ಉತ್ತರ ದೊರೆತರೆ ಫಲವನ್ನು ಗೌರವಿಸಿ, ತಮ್ಮನ್ನು ತಿದ್ದಿಕೊಳ್ಳಲು ಬಳಸಲಿ. ದೊರೆಯದಿದ್ದರೆ, ಯಾವುದೋ ಚೀಟಿಯ ಮೇಲಿನ ಪದಕ್ಕಾಗಿ ತಮ್ಮ ಆಸೆಯನ್ನು ಕೈಬಿಡದಿರಲಿ.