ಮೂತ್ರಚೀಲದ ಕಲ್ಲು ಕುಡಿದು ಕರಗಿಸಬಹುದೇ? ಆಪರೇಷನ್ ಎಂದರೆ ನಿಜಕ್ಕೂ ಏನಾಗುತ್ತದೆ?

‘ಆಪರೇಷನ್ ಬೇಡವೇ ಬೇಡ. ಬಾಳೆದಿಂಡಿನ ರಸ ಏಳು ದಿನ ಕುಡಿಯಿರಿ, ಕಲ್ಲು ಪುಡಿಯಾಗಿ ಹೊರಗೆ ಬರುತ್ತದೆ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಬಾಳೆದಿಂಡಿನ ಜಾಗದಲ್ಲಿ ಒಮ್ಮೆ ಹುರುಳಿ ಕಟ್ಟು, ಒಮ್ಮೆ ಕಾಡುಬಸಳೆ ಎಲೆ, ಇನ್ನೊಮ್ಮೆ ಬಿಯರ್ ಇರುತ್ತದೆ. ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ: ‘ಹತ್ತು ಜನರಿಗೆ ಕಳುಹಿಸಿ, ಪುಣ್ಯ ಕಟ್ಟಿಕೊಳ್ಳಿ.’

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂಥ ಗಡಿ ಭಾಗದ ಊರಿನಲ್ಲಿ ಈ ಸಂದೇಶದ ಆಸೆ ಸುಲಭವಾಗಿ ಅರ್ಥವಾಗುತ್ತದೆ. ತಜ್ಞ ವೈದ್ಯರನ್ನು ಕಾಣಲು ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೊಬ್ಬರು ಬೇಕು, ಖರ್ಚು ಎಷ್ಟಾಗುತ್ತದೋ ಗೊತ್ತಿಲ್ಲ. ‘ಮೊದಲು ಇದನ್ನು ಕುಡಿದು ನೋಡೋಣ’ ಎನ್ನುವುದು ಸಹಜ. ಆದರೆ ಮೂತ್ರಚೀಲದ ಕಲ್ಲಿನ ವಿಷಯದಲ್ಲಿ ಹೀಗೆ ಕಾಯುವುದು ಏಕೆ ಅಪಾಯ, ಆಪರೇಷನ್ ಎಂದರೆ ಏನೇನು ನಡೆಯುತ್ತದೆ ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಹರಳು ಒಂದೇ ಮಾತು, ಜಾಗ ಮೂರು

ನಮ್ಮ ಕಡೆ ‘ಹೊಟ್ಟ್ಯಾಗ ಹರಳಾಗ್ಯಾವ’ ಎಂದುಬಿಟ್ಟರೆ ಮಾತು ಮುಗಿಯಿತು. ಆದರೆ ಹರಳು ಮೂರು ಬೇರೆ ಬೇರೆ ಜಾಗದಲ್ಲಿ ಇರಬಹುದು. ಪಿತ್ತಕೋಶದ ಕಲ್ಲಿಗೂ ಮೂತ್ರಕ್ಕೂ ಸಂಬಂಧವೇ ಇಲ್ಲ. ಕಿಡ್ನಿಯ ಕಲ್ಲು ಕಿಡ್ನಿಯಲ್ಲಿ ಹುಟ್ಟಿ ಕೆಲವೊಮ್ಮೆ ನಾಳದಲ್ಲಿ ಕೆಳಗಿಳಿಯುತ್ತದೆ. ಸಣ್ಣದಾಗಿದ್ದರೆ ಬಹಳಷ್ಟು ಸಲ ತಾನಾಗಿಯೇ ಹೊರಬೀಳುತ್ತದೆ. ಮೂರನೆಯದು ಮೂತ್ರ ತುಂಬಿಕೊಳ್ಳುವ ಚೀಲದಲ್ಲಿ ಕೂರುವ ಕಲ್ಲು. ಮೂತ್ರದ ದಾರಿಯ ಕಲ್ಲುಗಳಲ್ಲಿ ಇದು ಸುಮಾರು ನೂರಕ್ಕೆ 5 ಮಾತ್ರ. ಈ ಲೇಖನ ಇದರ ಬಗ್ಗೆ.

‘ನನಗೆ ರಸ ಕುಡಿದೇ ಕಲ್ಲು ಬಿತ್ತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗಿದ್ದದ್ದು ಬಹುಶಃ ಕಿಡ್ನಿಯಿಂದ ಇಳಿದ ಸಣ್ಣ ಕಲ್ಲು. ಅದು ರಸ ಕುಡಿಯದಿದ್ದರೂ ಬೀಳುತ್ತಿತ್ತು. ಅದೇ ಮದ್ದನ್ನು ಮೂತ್ರಚೀಲದಲ್ಲಿ ಕಲ್ಲಿರುವ ಅಜ್ಜನಿಗೆ ಹೇಳಿದಾಗ ತೊಂದರೆ ಶುರುವಾಗುತ್ತದೆ.

ಈ ಕಲ್ಲು ಏಕೆ ಆಗುತ್ತದೆ?

ಹೊಲದ ಬದಿಯ ಹೊಂಡದಲ್ಲಿ ನೀರು ನಿಂತರೆ ತಳದಲ್ಲಿ ಹೂಳು ಕೂರುತ್ತದೆ. ಇಲ್ಲಿಯೂ ಹಾಗೆಯೇ. ಮೂತ್ರಚೀಲ ಪ್ರತಿ ಸಲ ಪೂರ್ತಿ ಖಾಲಿಯಾಗದೆ ಸ್ವಲ್ಪ ಮೂತ್ರ ಉಳಿಯುತ್ತಾ ಹೋದರೆ ಅದರಲ್ಲಿನ ಲವಣ ಹರಳುಗಟ್ಟಿ ಕಲ್ಲಾಗುತ್ತದೆ. 50 ದಾಟಿದ ಗಂಡಸರಲ್ಲಿ ಇದಕ್ಕೆ ಮುಖ್ಯ ಕಾರಣ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಯನ್ನು ಒತ್ತುವುದು. ಮೂತ್ರದ ದಾರಿ ಕಿರಿದಾಗುವುದು, ಬೆನ್ನುಹುರಿಗೆ ಪೆಟ್ಟಾಗಿ ಮೂತ್ರಚೀಲ ಶಕ್ತಿ ಕಳೆದುಕೊಳ್ಳುವುದು, ಪದೇ ಪದೇ ಸೋಂಕಾಗುವುದು, ತಿಂಗಳುಗಟ್ಟಲೆ ಪೈಪ್ ಇರುವುದು – ಇವೂ ಕಾರಣಗಳೇ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಕಾರಣವಿದೆ. ಕಿಡ್ನಿ ಕಲ್ಲಿನ ಆಪರೇಷನ್ ಆದಾಗ ಒಳಗೆ ‘ಸ್ಟೆಂಟ್’ ಎಂಬ ತೆಳ್ಳನೆಯ ನಳಿಕೆ ಹಾಕಿರುತ್ತಾರೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದನ್ನು ತೆಗೆಸಬೇಕು. ನೋವು ಹೋಯಿತೆಂದು ಮರೆತರೆ ಅದರ ಮೇಲೆಯೇ ಕಲ್ಲು ಬೆಳೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದರೆ ಇವತ್ತೇ ಡಿಸ್ಚಾರ್ಜ್ ಚೀಟಿ ತೆಗೆದು ದಿನಾಂಕ ನೋಡಿ.

ಟೊಮೆಟೊ ಬೀಜ ತಿಂದರೆ, ಅನ್ನದಲ್ಲಿನ ಕಲ್ಲು ನುಂಗಿದರೆ ಮೂತ್ರದಲ್ಲಿ ಕಲ್ಲಾಗುತ್ತದೆ ಎಂಬ ಮಾತು ಸುಳ್ಳು. ನುಂಗಿದ್ದು ಜಠರ, ಕರುಳಿನ ದಾರಿಯಲ್ಲಿ ಹೋಗಿ ಮಲದಲ್ಲಿ ಹೊರಬೀಳುತ್ತದೆ. ಆ ದಾರಿಗೂ ಮೂತ್ರಚೀಲಕ್ಕೂ ಸಂಪರ್ಕವಿಲ್ಲ.

ಹಾಗಾದರೆ ಕುಡಿದರೆ ಏನಾಗುತ್ತದೆ?

ಬಾಳೆದಿಂಡು, ಹುರುಳಿ ಆಹಾರವಾಗಿ ಒಳ್ಳೆಯವೇ. ಆದರೆ ಅವು ಮನುಷ್ಯರ ಮೂತ್ರಚೀಲದ ಕಲ್ಲನ್ನು ಕರಗಿಸುತ್ತವೆ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲ. ಯೂರಿಕ್ ಆಮ್ಲದ ಕಲ್ಲನ್ನು ಮಾತ್ರ ಕೆಲವೊಮ್ಮೆ ಔಷಧಿಯಿಂದ ಕರಗಿಸಲು ನೋಡುತ್ತಾರೆ. ಅದನ್ನೂ ವೈದ್ಯರೇ ರಕ್ತ, ಮೂತ್ರ ಪರೀಕ್ಷಿಸುತ್ತಾ ಮಾಡಬೇಕು.

‘ಬಿಯರ್ ಕುಡಿಯಿರಿ, ಒಂದೇ ಸಲಕ್ಕೆ ಮೂರು ಲೀಟರ್ ನೀರು ಕುಡಿಯಿರಿ, ಕಲ್ಲು ಕೊಚ್ಚಿಕೊಂಡು ಹೋಗುತ್ತದೆ’ ಎನ್ನುವ ಸಂದೇಶ ಇದಕ್ಕಿಂತ ಅಪಾಯಕಾರಿ. ಬಾಗಿಲೇ ಅರ್ಧ ಮುಚ್ಚಿರುವ ಚೀಲಕ್ಕೆ ಒಮ್ಮೆಲೇ ಅಷ್ಟು ಮೂತ್ರ ತುಂಬಿದರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಕೆಳಹೊಟ್ಟೆ ಉಬ್ಬಿ, ತಡೆಯಲಾಗದ ನೋವಾಗುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಿ ಪೈಪ್ ಹಾಕಿಸಬೇಕು. ತಿಂಗಳುಗಟ್ಟಲೆ ಹೀಗೆ ಒತ್ತಡ ಉಳಿದರೆ ಕಿಡ್ನಿಗೂ ಹಾನಿಯಾಗುತ್ತದೆ.

ಯಾವಾಗ ಅನುಮಾನ ಪಡಬೇಕು?

ಮೂತ್ರದ ಧಾರೆ ನಡುವೆ ತಟ್ಟನೆ ನಿಂತು, ಮಗ್ಗುಲು ಬದಲಿಸಿದರೆ ಮತ್ತೆ ಬರುವುದು ಈ ಕಲ್ಲಿನ ವಿಶೇಷ ಲಕ್ಷಣ. ಕಲ್ಲು ಉರುಳಿ ಬಾಗಿಲಿಗೆ ಅಡ್ಡ ಬರುವುದರಿಂದ ಹೀಗಾಗುತ್ತದೆ. ಕೆಳಹೊಟ್ಟೆ ನೋವು, ಉರಿ, ಪದೇ ಪದೇ ಹೋಗಬೇಕೆನಿಸುವುದು, ಕೊನೆಯಲ್ಲಿ ರಕ್ತ ಬರುವುದೂ ಇರಬಹುದು. ಮೂತ್ರದಲ್ಲಿ ರಕ್ತ ಕಂಡರೆ ‘ಹರಳಿನದ್ದೇ ಇರಬೇಕು’ ಎಂದು ಸುಮ್ಮನಾಗಬೇಡಿ. ಮೂತ್ರಚೀಲದ ಕ್ಯಾನ್ಸರ್‌ನಲ್ಲಿಯೂ ರಕ್ತ ಬರುತ್ತದೆ, ಪರೀಕ್ಷೆ ಆಗಲೇಬೇಕು.

ಆಪರೇಷನ್‌ಗೆ ಮೊದಲು

ಹೊಟ್ಟೆಯ ಸ್ಕ್ಯಾನ್, ಎಕ್ಸ್‌ರೇ, ಮೂತ್ರ ಪರೀಕ್ಷೆ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್, ಸಕ್ಕರೆ, ಇಸಿಜಿ ಮಾಡಿಸುತ್ತಾರೆ. ಕೆಲವು ಕಲ್ಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದಕ್ಕೇ ಕೆಲವರಿಗೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಮೂತ್ರದಲ್ಲಿ ಸೋಂಕು ಇದ್ದರೆ ಮೊದಲು ಅದಕ್ಕೆ ಔಷಧಿ ಕೊಡುತ್ತಾರೆ. ‘ಸುಮ್ಮನೆ ದಿನ ದೂಡುತ್ತಿದ್ದಾರೆ’ ಎಂದುಕೊಳ್ಳಬೇಡಿ. ಸೋಂಕಿರುವಾಗಲೇ ಕಲ್ಲು ಒಡೆದರೆ ಅದು ರಕ್ತಕ್ಕೆ ಸೇರಿ ಜೀವಕ್ಕೇ ಕುತ್ತಾಗಬಹುದು.

ವೈದ್ಯರಿಗೆ ನೀವು ಹೇಳಲೇಬೇಕಾದ್ದು ಮೂರು ವಿಷಯ. ಹೃದಯಕ್ಕೆ, ಪಾರ್ಶ್ವವಾಯುವಿಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಯಾವ ಔಷಧಿಗಾದರೂ ಅಲರ್ಜಿ ಇದೆಯೇ? ನಾಟಿ ಔಷಧಿ ಏನಾದರೂ ನಡೆದಿದೆಯೇ? ಬೈಸಿಕೊಳ್ಳಬೇಕಾಗುತ್ತದೆ ಎಂದು ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ.

ಸಾಮಾನ್ಯವಾಗಿ ಆರು ಗಂಟೆ ಮೊದಲು ಊಟ ನಿಲ್ಲಿಸಬೇಕು. ‘ಒಂದು ಕಪ್ ಚಹಾ ಏನಾಗುತ್ತದೆ’ ಎಂದು ಹಾಲಿನ ಚಹಾ ಕೊಡುವುದು ತಪ್ಪು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಆಪರೇಷನ್ ಕೋಣೆಯಲ್ಲಿ

ಹೆಚ್ಚಿನವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಆಮೇಲೆ ಮೂರು ವಿಧಾನಗಳಲ್ಲಿ ಒಂದು.

ಮೊದಲನೆಯದರಲ್ಲಿ ಹೊಟ್ಟೆ ಕೊಯ್ಯುವುದೇ ಇಲ್ಲ. ಮೂತ್ರ ಬರುವ ದಾರಿಯಿಂದಲೇ ಕ್ಯಾಮೆರಾ ಇರುವ ತೆಳ್ಳನೆಯ ದುರ್ಬೀನು ಒಳಗೆ ಕಳುಹಿಸಿ, ಲೇಸರ್‌ನಿಂದಲೋ ಬೇರೆ ಉಪಕರಣದಿಂದಲೋ ಕಲ್ಲನ್ನು ಪುಡಿ ಮಾಡಿ, ಚೂರುಗಳನ್ನು ನೀರಿನಿಂದ ತೊಳೆದು ತೆಗೆಯುತ್ತಾರೆ. ದೊಡ್ಡವರಲ್ಲಿ ಇಂದು ಹೆಚ್ಚಾಗಿ ನಡೆಯುವುದು ಇದೇ. ಎರಡನೆಯದು ಕೆಳಹೊಟ್ಟೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ರಂಧ್ರ ಮಾಡಿ ಕಲ್ಲು ತೆಗೆಯುವುದು. ಮೂತ್ರದ ದಾರಿ ಸಣ್ಣದಿರುವ ಮಕ್ಕಳಿಗೆ ಇದು ಅನುಕೂಲ. ಮೂರನೆಯದು ಕೆಳಹೊಟ್ಟೆ ಕೊಯ್ದು ಕಲ್ಲನ್ನು ಇಡಿಯಾಗಿ ತೆಗೆಯುವುದು. ಕಲ್ಲು ತುಂಬಾ ದೊಡ್ಡದಿದ್ದರೆ, ಹಲವು ಇದ್ದರೆ ಇದನ್ನು ಆರಿಸುತ್ತಾರೆ. ನಿಮಗೆ ಯಾವುದು, ಏಕೆ ಎಂದು ಸಹಿ ಹಾಕುವ ಮೊದಲೇ ಕೇಳಿ.

ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ‘ನನಗೆ ಕಲ್ಲು ಏಕಾಯಿತು?’ ಕಾರಣ ಪ್ರಾಸ್ಟೇಟ್ ಆಗಿದ್ದರೆ ಅನೇಕರಿಗೆ ಅದನ್ನೂ ಅದೇ ಸಲ ಸರಿಪಡಿಸುತ್ತಾರೆ, ಕೆಲವರಿಗೆ ಮಾತ್ರೆ ಕೊಡುತ್ತಾರೆ. ಕಲ್ಲು ತೆಗೆದು ಕಾರಣ ಹಾಗೇ ಬಿಟ್ಟರೆ ಹೊಂಡದಲ್ಲಿ ಮತ್ತೆ ಹೂಳು ತುಂಬುತ್ತದೆ. ‘ಆಪರೇಷನ್ ಮಾಡಿಸಿದರೂ ಕಲ್ಲು ಮತ್ತೆ ಬಂತು, ಅದಕ್ಕೇ ಆಪರೇಷನ್ ಸುಳ್ಳು’ ಎನ್ನುವ ಮಾತಿನ ಹಿಂದೆ ಹಲವು ಸಲ ಇರುವುದು ಇದೇ.

ಹಳೆಯ ಭಯ ಎಲ್ಲಿಂದ ಬಂತು?

ಈ ಆಪರೇಷನ್ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ‘ಅಶ್ಮರಿ’ ಎಂಬ ಹೆಸರಿನಲ್ಲಿ ಇದರ ವಿವರವಿದೆ. ಮಾಡಿಸಿದರೂ ಬದುಕುವುದು ಖಚಿತವಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಅದು ನಿಜವೇ ಆಗಿತ್ತು. ಪ್ಯಾರಿಸ್‌ನ ವೈದ್ಯ ಜಾನ್ ಸಿವಿಯಾಲ್ 1824ರಲ್ಲಿ ಕೊಯ್ಯದೆ, ಮೂತ್ರದ ದಾರಿಯಿಂದಲೇ ಕಲ್ಲು ಪುಡಿ ಮಾಡಿ ತೋರಿಸಿದರು. ಅವರು 1830ರ ದಶಕದಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಕೊಯ್ಯುವ ವಿಧಾನದಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಿದ್ದರು; ಹೊಸ ವಿಧಾನದಲ್ಲಿ ನೂರಕ್ಕೆ ಎರಡು–ಮೂರು ಮಂದಿ. ಅರಿವಳಿಕೆ, ಸೋಂಕಿನ ಔಷಧಿ, ಕ್ಯಾಮೆರಾ ಎಲ್ಲ ಬಂದದ್ದು ಆಮೇಲೆ. ಅಪಾಯ ಅಷ್ಟು ಇಳಿದಿದ್ದರೂ ಹಳೆಯ ಭಯ ನಮ್ಮ ಮನಸ್ಸಿನಲ್ಲಿ ಉಳಿದುಕೊಂಡಿದೆ.

ಆಪರೇಷನ್ ಆದ ಮೇಲೆ

ಮೂತ್ರಕ್ಕೆ ಪೈಪ್ ಇರುತ್ತದೆ. ಕೊಯ್ಯದ ವಿಧಾನದಲ್ಲಿ ಸಾಮಾನ್ಯವಾಗಿ ಒಂದೆರಡು ದಿನ, ಕೊಯ್ದಿದ್ದರೆ ಒಂದು ವಾರ ಅಥವಾ ಹೆಚ್ಚು. ಪೈಪ್ ಇರುವಾಗಲೂ ಮೂತ್ರಕ್ಕೆ ಹೋಗಬೇಕೆನಿಸುತ್ತದೆ, ಅದನ್ನು ಎಳೆಯಬಾರದು. ಚೀಲವನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇಡಿ, ಮಂಚದ ಮೇಲೆ ಪಕ್ಕದಲ್ಲಿ ಇಡಬೇಡಿ.

ಕೆಲವು ದಿನ ಮೂತ್ರ ತಿಳಿಗೆಂಪಾಗಿ ಬರುವುದು, ಸ್ವಲ್ಪ ಉರಿಯುವುದು ಸಹಜ. ವೈದ್ಯರು ಬೇಡವೆಂದಿರದಿದ್ದರೆ ದಿನಕ್ಕೆ ಎರಡು–ಎರಡೂವರೆ ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಮುಕ್ಕಿ ಮಲವಿಸರ್ಜನೆ ಮಾಡುವಂತಾಗದಿರಲು ಸೊಪ್ಪು, ಹಣ್ಣು ತಿನ್ನಿ. ಎರಡು ವಾರವಾದರೂ ತೊಗರಿ ಚೀಲ ಎತ್ತುವುದು, ಟ್ರ್ಯಾಕ್ಟರ್ ಓಡಿಸುವುದು, ಬೈಕಿನಲ್ಲಿ ದೂರ ಹೋಗುವುದು ಬೇಡ. ಹೊಟ್ಟೆ ಕೊಯ್ದಿದ್ದರೆ ಆರು ವಾರದವರೆಗೂ ಭಾರ ಎತ್ತಬಾರದು.

ಚಳಿ ಜ್ವರ, ರಕ್ತದ ಗಡ್ಡೆ, ಮೂತ್ರ ನಿಂತುಹೋಗುವುದು, ಪೈಪಿನಲ್ಲಿ ಹರಿಯದಿರುವುದು, ಹೆಚ್ಚುತ್ತಾ ಹೋಗುವ ನೋವು – ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ತೆಗೆದ ಕಲ್ಲನ್ನು ಪರೀಕ್ಷೆಗೆ ಕಳುಹಿಸಲು ಕೇಳಿ. ಅದು ಯಾವ ಬಗೆಯದೆಂದು ಗೊತ್ತಾದರೆ ಮುಂದೆ ತಡೆಯುವುದು ಸುಲಭ.

ಖರ್ಚಿನ ಮಾತು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಕುಟುಂಬಕ್ಕೆ ಸರಕಾರ ನಿಗದಿ ಮಾಡಿದ ದರದ ಶೇ 30 ಭಾಗ, ವರ್ಷಕ್ಕೆ ಗರಿಷ್ಠ 1.5 ಲಕ್ಷ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೇ ಹೋಗಬೇಕು. ಆಳಂದದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಕಲಬುರಗಿಯ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಚೀಟಿ ಪಡೆಯುವುದು ಸರಿಯಾದ ದಾರಿ. ಆಸ್ಪತ್ರೆಯಲ್ಲಿರುವ ‘ಆರೋಗ್ಯ ಮಿತ್ರ’ರನ್ನು ಕೇಳಿದರೆ ನಿಮ್ಮ ಆಪರೇಷನ್ ಯೋಜನೆಯಡಿ ಬರುತ್ತದೆಯೇ ಎಂದು ಹೇಳುತ್ತಾರೆ. ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗುವವರು ಅಲ್ಲಿ ಕಾರ್ಡ್ ನಡೆಯುತ್ತದೆಯೇ ಎಂದು ಹೋಗುವ ಮೊದಲೇ ವಿಚಾರಿಸಿ. ಆಯುಷ್ಮಾನ್ ಸಹಾಯವಾಣಿ 14555.

ಫಾರ್ವರ್ಡ್ ಮಾಡುವ ಮುನ್ನ

‘ಕುಡಿದರೆ ಕಲ್ಲು ಕರಗುತ್ತದೆ’ ಎಂಬ ಸಂದೇಶ ಮುಂದಿನ ಸಲ ಬಂದಾಗ ಕಳುಹಿಸಿದವರನ್ನು ಎರಡು ಪ್ರಶ್ನೆ ಕೇಳಿ: ಯಾವ ಜಾಗದ ಕಲ್ಲು? ಎಷ್ಟು ದೊಡ್ಡದು? ಉತ್ತರವಿಲ್ಲದಿದ್ದರೆ ಅದನ್ನು ಅಲ್ಲಿಯೇ ನಿಲ್ಲಿಸಿ. ಮನೆಯಲ್ಲಿ ರಾತ್ರಿ ನಾಲ್ಕೈದು ಸಲ ಎದ್ದು ಹೋಗುವ, ಮೂತ್ರ ತಡೆತಡೆದು ಬರುತ್ತಿದ್ದರೂ ಹೇಳಿಕೊಳ್ಳಲು ನಾಚುವ ಅಜ್ಜ ಅಥವಾ ಅಪ್ಪ ಇದ್ದರೆ ಒಮ್ಮೆ ವಿಚಾರಿಸಿ, ಸ್ಕ್ಯಾನ್ ಮಾಡಿಸಿ.