ಜೋಮಿಗೆ ಮರಾಠಿಯಲ್ಲಿ ಏನಂತಾರೆ?

ಒಬ್ಬ ಪರ್ಸನಲ್ ಟ್ರೇನರ್ ಒಂದು ಗಂಟೆ ಏನು ಮಾಡುತ್ತಾನೆ ಅಂತ ಯಾವತ್ತಾದರೂ ಸುಮ್ಮನೆ ಕೂತು ನೋಡಿದ್ದೀರಾ? ಭಾರ ಎತ್ತುವವರು ನಾವು. ಅವನದು ಬಹುಪಾಲು ಮಾತಿನ ಕೆಲಸ. ಹೇಳುತ್ತಾನೆ, ತೋರಿಸುತ್ತಾನೆ, ಎಣಿಸುತ್ತಾನೆ, ತಿದ್ದುತ್ತಾನೆ, ನಡುನಡುವೆ "ಓಕೆ?" ಅಂತ ಕೇಳುತ್ತಾನೆ. ಹನ್ನೆರಡು ಸೆಷನ್‌ನ ಪ್ಯಾಕೇಜಿಗೆ ನಾವು ಕೊಡುವ ದುಡ್ಡು ಹೆಚ್ಚುಕಡಿಮೆ ಆ ಮಾತಿಗೇ ಹೋಗುತ್ತದೆ.

ನಾವಿರುವ ಊರುಗಳಲ್ಲಿ ಆ ಮಾತು ಇಬ್ಬರದೂ ಅಲ್ಲದ ಭಾಷೆಯಲ್ಲಿ ನಡೆಯುತ್ತದೆ. ಪುಣೆಯ ನಮ್ಮ ಸೊಸೈಟಿ ಜಿಮ್ಮಿನ ಟ್ರೇನರ್ ಸಾತಾರಾ ಕಡೆಯ ಹುಡುಗ, ಮನೆಮಾತು ಮರಾಠಿ. ಬೆಳಿಗ್ಗೆ ಆರೂವರೆಯ ಬ್ಯಾಚಿನಲ್ಲಿ ಕನ್ನಡ, ತೆಲುಗು, ಮಲಯಾಳ, ಒಡಿಯಾ ಮಾತಾಡುವವರಿದ್ದೇವೆ. ಎಲ್ಲರಿಗೂ ಅವನು ಇಂಗ್ಲಿಷ್ ಬೆರೆಸಿದ ಹಿಂದಿಯಲ್ಲಿ ಹೇಳಿಕೊಡುತ್ತಾನೆ. ದಿನಕ್ಕೆ ನಾಲ್ಕು ಕಾಲ್ ಮಾಡುವ ನಮ್ಮಂಥವರಿಗೆ ಇದು ಹೇಗೋ ನಡೆದುಹೋಗುತ್ತದೆ. ಮಂಡಿ ನೋವಿಗೋ ಶುಗರ್‌ಗೋ "ಸ್ವಲ್ಪ ವ್ಯಾಯಾಮ ಮಾಡಿ" ಅಂತ ಡಾಕ್ಟರು ಹೇಳಿ, ಮಕ್ಕಳು ಜಿಮ್ಮಿಗೆ ಕರೆತಂದ ಊರಿನ ಅಪ್ಪ ಅಮ್ಮಂದಿರಿಗೆ ನಡೆಯುವುದಿಲ್ಲ. ಈ ಸಲ ಬರೆಯಹೊರಟಿದ್ದು ಅವರ ವಿಚಾರ.

ಮೊದಲು ಹೇಳಿಕೊಡುವ ಮಾತನ್ನೇ ತೆಗೆದುಕೊಳ್ಳಿ. ಸ್ಕ್ವಾಟ್ ಮಾಡಿಸುವಾಗ ಸಾಮಾನ್ಯವಾಗಿ ಕೇಳಿಬರುವುದು: "ಚೆಸ್ಟ್ ಅಪ್, ಕೋರ್ ಟೈಟ್, ನೀಸ್ ಔಟ್, ವೇಯ್ಟ್ ಹೀಲ್ಸ್ ಪೇ." ಒಂದು ಬಸ್ಕಿಗೆ ನಾಲ್ಕು ಆಜ್ಞೆ. ಕೇಳುವವನು ಎದೆ ಎತ್ತುವಷ್ಟರಲ್ಲಿ ಮಂಡಿ ಮರೆಯುತ್ತಾನೆ, ಮಂಡಿ ನೆನಪಿಸಿಕೊಂಡಾಗ ಹಿಮ್ಮಡಿ ಮೇಲೇಳುತ್ತದೆ. "ಕೋರ್" ಅಂದರೆ ದೇಹದಲ್ಲಿ ಎಲ್ಲಿದೆ ಅಂತ ಅರುವತ್ತೆಂಟು ವರ್ಷದವರಿಗೆ ಯಾರು ಹೇಳಬೇಕು? ಗರಡಿ ಮನೆಯ ವಸ್ತಾದರು ಈ ಯಾವ ಪದವೂ ಇಲ್ಲದೆ ತಲೆಮಾರುಗಟ್ಟಲೆ ಬಸ್ಕಿ ಹೊಡೆಸಿದವರು. ನಮ್ಮ ಶಾಲೆಯ ಮೇಷ್ಟರುಗಳಂತೂ ಶಿಕ್ಷೆಯಾಗಿಯೇ ಹೊಡೆಸಿದರು, ಆ ಮಾತು ಬೇರೆ.

ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ ತನ್ನ ಸಂಗಡಿಗರೊಂದಿಗೆ 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಕೀಯಿಂಗ್ ಅಭ್ಯಾಸಕ್ಕೆಂದು ಎಡಕ್ಕೂ ಬಲಕ್ಕೂ ಜಾರುವ ಒಂದು ಹಲಗೆ. ಅದರ ಅಡಿಯಲ್ಲಿ ಚಕ್ರಗಳು. ಕಲಿಯುವವರಲ್ಲಿ ಒಂದು ಗುಂಪಿಗೆ ನಿಮ್ಮ ಪಾದದಿಂದ ಒತ್ತುವುದರ ಮೇಲೆ ಗಮನವಿಡಿ ಎಂದರು. ಇನ್ನೊಂದು ಗುಂಪಿಗೆ ಚಕ್ರದ ಮೇಲೆ ಒತ್ತುವುದರ ಕಡೆ ಗಮನವಿಡಿ ಎಂದರು. ಚಕ್ರ ಇರುವುದು ಪಾದದ ನೇರ ಕೆಳಗೇ, ನಡುವೆ ಒಂದು ಹಲಗೆ ಮಾತ್ರ. ಆದರೂ ಚಕ್ರದವರು ಹೆಚ್ಚು ಚೆನ್ನಾಗಿ ಕಲಿತರು. ಆಮೇಲೆ ಬೇರೆ ಬೇರೆ ಆಟಗಳಲ್ಲಿ, ಬೇರೆ ಬೇರೆ ವಯಸ್ಸಿನವರಲ್ಲಿ ಇಂಥ ಪ್ರಯೋಗಗಳು ಬಹಳ ನಡೆದವು. ಬಹುತೇಕ ಕಂಡದ್ದು ಇಷ್ಟು: ನಿನ್ನ ಸ್ನಾಯುವನ್ನು ಹೀಗೆ ಮಾಡು ಎನ್ನುವುದಕ್ಕಿಂತ ಹೊರಗಿನ ವಸ್ತುವನ್ನೋ ಗುರಿಯನ್ನೋ ತೋರಿಸಿ ಹೇಳಿದರೆ ದೇಹ ತನ್ನಷ್ಟಕ್ಕೆ ದಾರಿ ಹುಡುಕಿಕೊಳ್ಳುತ್ತದೆ.

ಇದನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು, ಈ ಕೆಲಸಕ್ಕೆ ಕನ್ನಡದ ಮನೆಮಾತು ಹೇಳಿ ಮಾಡಿಸಿದ ಹಾಗಿದೆ ಅಂತ. "ಹಿಂದೆ ಗಿಡ್ಡ ಮಣೆ ಇದೆ, ನಿಧಾನವಾಗಿ ಅದರ ಮೇಲೆ ಕೂತ್ಕೊಳಿ" ಅಂದರೆ ಸ್ಕ್ವಾಟ್. ಲ್ಯಾಟ್ ಪುಲ್‌ಡೌನ್ ಯಂತ್ರದ ಮುಂದೆ ಕೂರಿಸಿ "ರಾಟೆ ಬಾವಿಯಿಂದ ಕೊಡ ಸೇದಿ" ಅಂದರೆ ಸಾಕು, ಮೊಣಕೈ ತಾನಾಗಿ ಕೆಳಗಿಳಿಯುತ್ತದೆ. ಸೊಂಟದಲ್ಲಿ ಬಾಗುವುದನ್ನು ಕಲಿಸಬೇಕೆ? ಎರಡೂ ಕೈಯಲ್ಲಿ ತರಕಾರಿ ಚೀಲ, ಹಿಂದಿನ ಬಾಗಿಲನ್ನು ಹಿಂಭಾಗದಿಂದಲೇ ದೂಡಿ ಮುಚ್ಚಬೇಕು. ಪ್ಲ್ಯಾಂಕ್‌ಗೆ, ಬೆನ್ನ ಮೇಲೆ ತುಂಬಿದ ಚೊಂಬು ಇಟ್ಟಿದೆ, ನೀರು ಚೆಲ್ಲಬಾರದು. ಭುಜದ ವ್ಯಾಯಾಮಕ್ಕೆ ಅಟ್ಟದ ಮೇಲೆ ಡಬ್ಬಿ ಇಡುವುದು. ಒಂದು ಸಲಕ್ಕೆ ಒಂದೇ ಮಾತು. ಹೋಲಿಕೆ ಮಾತ್ರ ಕೇಳುವವರ ಬದುಕಿನದ್ದೇ ಆಗಿರಬೇಕು. ಹಿಂಜವಡಿಯ ಹನ್ನೊಂದನೇ ಮಹಡಿಯಲ್ಲಿ ಹುಟ್ಟಿ ಬೆಳೆದ ನನ್ನ ಮಗನಿಗೆ ರಾಟೆ ಬಾವಿ ಎಂದರೆ ಅದನ್ನು ವಿವರಿಸುವುದರಲ್ಲೇ ಸೆಟ್ ಮುಗಿಯುತ್ತದೆ.

ಇನ್ನು "ಸಮಝ್ ಆಯಾ?" ಎಂಬ ಪ್ರಶ್ನೆ. ಇದಕ್ಕೆ ನಮ್ಮ ಕಡೆಯ ಹಿರಿಯರಿಂದ "ಹ್ಞೂಂ" ಬಿಟ್ಟು ಬೇರೆ ಉತ್ತರ ಬಂದದ್ದನ್ನು ನಾನು ನೋಡಿಲ್ಲ. ಅರ್ಥವಾಗದಿದ್ದರೂ ಹೇಳಿಕೊಡುವ ಹುಡುಗನಿಗೆ ಬೇಜಾರಾಗಬಾರದಲ್ಲ! ನಮ್ಮ ಆಫೀಸುಗಳಲ್ಲಿ ಕಾಲ್ ಮುಗಿಯುವಾಗ "ಆಲ್ ಕ್ಲಿಯರ್" ಅಂದವರು ಎರಡು ವಾರದ ನಂತರ ಏನು ಕಟ್ಟಿ ತರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಒಳ್ಳೆಯ ಟ್ರೇನರ್ ಆ ಪ್ರಶ್ನೆಯನ್ನೇ ಬಿಡುತ್ತಾನೆ. "ಈಗ ನೀವು ಟ್ರೇನರ್, ನಾನು ಕಲಿಯುವವನು, ನನಗೆ ಮಾಡಿಸಿ" ಅನ್ನುತ್ತಾನೆ. ಎಲ್ಲಿ ತಪ್ಪಿದೆ ಎಂಬುದು ಅರ್ಧ ನಿಮಿಷದಲ್ಲಿ ಹೊರಬೀಳುತ್ತದೆ.

ಎಷ್ಟು ಕಷ್ಟವಾಯಿತು ಅಂತ ತಿಳಿಯಲು ಅಂಕಿ ಕೇಳುವ ಪದ್ಧತಿಯೂ ಇದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ ಅಳತೆಗೋಲು 6ರಿಂದ 20ರವರೆಗಿದೆ. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಅಂದಾಜು ಎದೆಬಡಿತ ಸಿಗಲಿ ಎಂಬ ಲೆಕ್ಕ. ಜಿಮ್ಮುಗಳಲ್ಲಿ ಹತ್ತಕ್ಕೆ ಎಷ್ಟು ಅಂತ ಕೇಳುವುದೇ ಹೆಚ್ಚು. ಕೇಳಿ ನೋಡಿ, ಹಿರಿಯರು ಪರೀಕ್ಷೆಗೆ ಮಾರ್ಕ್ಸ್ ಕೊಟ್ಟ ಹಾಗೆ ಧಾರಾಳವಾಗಿ ಏಳು ಕೊಡುತ್ತಾರೆ. ಅದಕ್ಕಿಂತ ಮಾತಿನ ಪರೀಕ್ಷೆ ವಾಸಿ. ನಡೆಯುತ್ತಾ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ ಶ್ರಮ. ನಾಲ್ಕು ಪದಕ್ಕೊಮ್ಮೆ ಉಸಿರು ಬೇಕಾದರೆ ಜೋರಾಗಿದೆ ಎಂದರ್ಥ. ಒಂದೇ ಷರತ್ತು, ಆ ಮಾತು ಅವರ ಭಾಷೆಯಲ್ಲಿರಬೇಕು. ಹಿಂದಿಯಲ್ಲಿ ತಡವರಿಸಿದರೆ ಉಸಿರಿಗೆ ತಡವರಿಸಿದರೋ ವ್ಯಾಕರಣಕ್ಕೋ ಹೇಳುವುದು ಹೇಗೆ!

ಇಷ್ಟರವರೆಗಿನದು ಸರಿಯಾಗದಿದ್ದರೆ ವ್ಯಾಯಾಮ ಸ್ವಲ್ಪ ಸೊಟ್ಟಗಾಗುತ್ತದೆ, ಅಷ್ಟೆ. ನೋವಿನ ಮಾತು ಹಾಗಲ್ಲ.

ಈಚೆಗೆ ನಮ್ಮ ಸೊಸೈಟಿಗೆ ಶಿಕಾರಿಪುರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಗಳ ಮನೆಗೆ ಬಂದಿದ್ದರು. ಎರಡು ವಾರದಿಂದ ಜಿಮ್ಮಿಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಲೆಗ್ ಪ್ರೆಸ್ ಮುಗಿಸಿ ಎದ್ದವರು ಬಲಗಾಲನ್ನು ಎರಡು ಸಲ ಒದರಿದರು. ಟ್ರೇನರ್ ಕೇಳಿದ, "ಕಾಕಾ, ದರ್ದ್ ಹೈ?" ಮೇಷ್ಟ್ರು ಮಗಳ ಕಡೆ ತಿರುಗಿ ಏನೋ ಹೇಳಿದರು. ಆಕೆ ಫೋನಿನಲ್ಲಿದ್ದವಳು, "ಹ್ಞಾಂ, ಪೈರ್ ಮೇ ಥೋಡಾ ದರ್ದ್ ಹೈ" ಎಂದಳು. ಟ್ರೇನರಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಹೊಸಬರಿಗೆ ಕಾಲು ನೋಯುತ್ತದೆ. ವ್ಯಾಯಾಮದ ಮರುದಿನದಿಂದ ಎರಡು ಮೂರು ದಿನ ಮಾಂಸಖಂಡ ನೋಯುವುದು ಮಾಮೂಲು. "ಅಚ್ಛಾ ಹೈ, ಮಸಲ್ ಬನ್ ರಹಾ ಹೈ" ಅಂತ ಇನ್ನೊಂದು ಸೆಟ್‌ಗೆ ಕರೆದ.

ಪಕ್ಕದ ಸೈಕಲ್ ಮೇಲಿದ್ದ ನಾನು "ಏನಾಯ್ತು ಮೇಷ್ಟ್ರೇ?" ಅಂತ ಕೇಳಿದೆ.

"ನೋವಲ್ಲ ಕಣಪ್ಪಾ. ಜೋಮು ಹಿಡಿದ ಹಾಗೆ ಆಗುತ್ತೆ. ಸೊಂಟದಿಂದ ಹಿಡಿದು ಹೆಬ್ಬೆರಳವರೆಗೂ."

ಜೋಮಿಗೆ ಹಿಂದಿಯಲ್ಲಿ ಏನು ಅಂತ ಆ ಕ್ಷಣ ಹೊಳೆಯಲಿಲ್ಲ. ಕಾಲಿನ ಮೇಲೆ ಇರುವೆ ಹರಿದಾಡಿದ ಹಾಗೆ ಅಂತ ಕೈಯಲ್ಲಿ ತೋರಿಸಿ ಹೇಳಿದೆ. ಹುಡುಗನ ಮುಖ ಬದಲಾಯಿತು. "ಮುಂಗ್ಯಾ? ಮುಂಗ್ಯಾ ಯೇತಾತ್ ಕಾ?" ಎಂದ. ಮರಾಠಿಯಲ್ಲಿ ಮುಂಗಿ ಎಂದರೆ ಇರುವೆ. ಜೋಮು ಹಿಡಿದರೆ ಅವರು ಕಾಲಿಗೆ ಇರುವೆಗಳು ಬಂದವು ಅನ್ನುತ್ತಾರೆ. ತಕ್ಷಣ ಮೇಷ್ಟ್ರನ್ನು ಕೂರಿಸಿದ. ಎಲ್ಲಿಂದ ಎಲ್ಲಿವರೆಗೆ, ಎಷ್ಟು ದಿನದಿಂದ, ಕೆಮ್ಮಿದರೆ ಹೆಚ್ಚಾಗುತ್ತದೆಯೆ, ನಡೆಯುವಾಗ ಚಪ್ಪಲಿ ಜಾರುತ್ತದೆಯೆ ಅಂತ ಒಂದೊಂದಾಗಿ ಕೇಳಿದ. ನನ್ನ ಕನ್ನಡಕ್ಕೂ ಅವನ ಮರಾಠಿಗೂ ನಡುವೆ ಹಿಂದಿ ಅಷ್ಟೇನೂ ಬೇಕಾಗಲಿಲ್ಲ. ಕೊನೆಗೆ, ಡಾಕ್ಟರರ ಚೀಟಿ ಬರುವ ತನಕ ಕಾಲಿನ ವ್ಯಾಯಾಮ ಬಂದ್ ಎಂದ. ಸೊಂಟದ ಹತ್ತಿರ ನರದ ಮೇಲೆ ಒತ್ತಡ ಬಿದ್ದಿದೆ ಎಂದು ಡಾಕ್ಟರು ಹೇಳಿ ಮೇಷ್ಟ್ರನ್ನು ಫಿಸಿಯೋಥೆರಪಿಗೆ ಕಳಿಸಿದರು. ಇನ್ನೊಂದು ತಿಂಗಳು ಅದೇ ಭಾರ ತಳ್ಳಿದ್ದರೆ ಏನಾಗುತ್ತಿತ್ತೋ.

ಇದರಲ್ಲಿ ಟ್ರೇನರನ್ನಾಗಲಿ ಮಗಳನ್ನಾಗಲಿ ನಾನು ದೂರುವುದಿಲ್ಲ. ಅವನಿಗೆ ನರದ ಲಕ್ಷಣ ಗೊತ್ತಿತ್ತು, ಮೇಷ್ಟ್ರಿಗೆ ತಮ್ಮ ಕಾಲು ಗೊತ್ತಿತ್ತು. ನಡುವೆ "ದರ್ದ್" ಎಂಬ ಒಂದೇ ಪದ ಕೂತಿತ್ತು.

ನೋವಿಗೆ ಒಂದು ಪದ ಸಾಲದು ಎಂಬುದು ವೈದ್ಯರಿಗೂ ಗೊತ್ತಿರುವ ಸಂಗತಿಯೇ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವಿನ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿರುವುದು ನೋವನ್ನು ಬಣ್ಣಿಸುವ 78 ಪದಗಳು, 20 ಗುಂಪುಗಳಲ್ಲಿ. ರೋಗಿ ತನ್ನ ನೋವಿಗೆ ಹೊಂದುವ ಪದಗಳನ್ನು ಆರಿಸುತ್ತಾನೆ. ನೋವು ಎಷ್ಟು ಎಂಬುದರ ಜೊತೆಗೆ ಎಂಥದ್ದು ಎಂಬುದೂ ಹಾಗೆ ತಿಳಿಯುತ್ತದೆ. ನಮ್ಮ ಅಜ್ಜಿಯಂದಿರ ಬಾಯಲ್ಲಿ ಅಂಥ ಪಟ್ಟಿ ಮೊದಲಿಂದಲೂ ಇದೆ: ಉರಿ, ಚುಚ್ಚು, ಸೆಳೆತ, ಸಿಡಿತ, ಉಳುಕು, ಹಿಡ್ಕೊಂಡಿದೆ, ಜೋಮು, ಮರಗಟ್ಟಿದೆ, ಕಿತ್ತು ತಿನ್ನುತ್ತೆ. ಟ್ರೇನರಿಗೆ ಇವುಗಳಲ್ಲಿ ವ್ಯತ್ಯಾಸ ಬಹಳ. ತೊಡೆಯಲ್ಲಿ ಉರಿ ಬಂದರೆ ಇನ್ನೆರಡು ಸಲ ಮಾಡಿಸಬಹುದು. ಕೀಲಿನೊಳಗೆ ಚುಚ್ಚಿದರೆ ನಿಲ್ಲಿಸಬೇಕು. ಜೋಮು ಕೆಳಗಿಳಿಯುತ್ತಾ ಹೋದರೆ ಡಾಕ್ಟರ ಬಳಿ ಕಳಿಸಬೇಕು. ಎದೆ ಬಿಗಿದ ಹಾಗೆ, ಭಾರ ಇಟ್ಟ ಹಾಗೆ ಆಗಿ ತೋಳಿಗೋ ದವಡೆಗೋ ಹರಡಿದರೆ ಯಾವ ಚರ್ಚೆಯೂ ಬೇಡ, ನೇರ ಆಸ್ಪತ್ರೆ. ಈ ಕೊನೆಯದನ್ನು ನಮ್ಮವರು "ಗ್ಯಾಸ್" ಅಂದುಬಿಡುತ್ತಾರೆ. ಆ ಪದ ದುರದೃಷ್ಟಕ್ಕೆ ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ.

ಸೂಕ್ಷ್ಮ ಬೇಕಾದ ಇನ್ನೂ ಒಂದೆರಡು ಕಡೆಗಳಿವೆ. ಭಂಗಿ ತಿದ್ದಲು ಮುಟ್ಟುವ ಮೊದಲು ಕೇಳಬೇಕು. ಅಮ್ಮಂದಿರ ವಿಷಯದಲ್ಲಂತೂ ಬೆನ್ನಿಗೊಂದು ಕೋಲು ಹಿಡಿಸಿ, ಗೋಡೆಗೆ ನಿಲ್ಲಿಸಿ, ಮುಟ್ಟದೆಯೇ ಬಹಳಷ್ಟು ತಿದ್ದಬಹುದು. ಊಟದ ಮಾತಿನಲ್ಲಿ "ಚೀಟ್" ಎಂಬ ಪದ ನನಗೆ ಸೇರುವುದಿಲ್ಲ. ಹಬ್ಬದ ದಿನ ಎರಡು ಹೋಳಿಗೆ ತಿಂದವರು ಯಾರಿಗೆ ಮೋಸ ಮಾಡಿದರು? "ನಿನ್ನೆ ಏನೇನು ಊಟ ಮಾಡಿದಿರಿ?" ಎಂದು ಕೇಳಿದರೆ ನಿಜ ಸಿಗುತ್ತದೆ. "ಚೀಟ್ ಮಾಡಿದಿರಾ?" ಎಂದರೆ ಸುಳ್ಳು ಸಿಗುತ್ತದೆ. ಅನ್ನ ಬಿಡಿ, ರೋಟಿ ತಿನ್ನಿ ಎಂಬ ವಾಟ್ಸಾಪ್ ಚಾರ್ಟ್‌ಗಳ ಬಗ್ಗೆ ಇನ್ನೊಂದು ಕಂತೇ ಬರೆಯಬೇಕು.

ಸಾತಾರಾದ ಹುಡುಗ ಈಗ ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಂಡಿದ್ದಾನೆ. ಜೋಮು, ಉರಿ, ಚುಚ್ಚು, ಸೆಳೆತ, ತಲೆಸುತ್ತು, ನಿಧಾನ, ಸಾಕು, ಎಲ್ಲ ದೇವನಾಗರಿಯಲ್ಲಿ. ಮೊನ್ನೆ ಅದಕ್ಕೆ "ಹಂಗೇನಿಲ್ಲ" ಎಂಬುದನ್ನು ತಾನೇ ಸೇರಿಸಿದ. ಮುಂದೆ ಅವನು ಬರೆದುಕೊಂಡ ಅರ್ಥ: ಏನೋ ಇದೆ, ಮತ್ತೆ ಕೇಳು.

ದಸರಾ, ದೀಪಾವಳಿಗೆ ಊರಿಂದ ಹಿರಿಯರನ್ನು ಕರೆಸಿಕೊಳ್ಳುವವರು ಇಂಥದ್ದೊಂದು ಚೀಟಿ ಬರೆದು ಟ್ರೇನರ್ ಕೈಗೆ ಕೊಡಿ. ಹತ್ತು ಪದ ಸಾಕು. ಮೊದಲ ದಿನ ಹತ್ತು ನಿಮಿಷ ನೀವೂ ಜೊತೆಗಿದ್ದು, ಅಪ್ಪ ಹೇಳಿದ್ದನ್ನು ಸಂಕ್ಷೇಪಿಸದೆ ಪೂರ್ತಿ ಹೇಳಿ. ಹೈದರಾಬಾದಿನವರಿಗೆ ಜೋಮಿಗೆ "ತಿಮ್ಮಿರಿ" ಸಿಗುತ್ತದೆ. ಚೆನ್ನೈಯಲ್ಲಿ "ಮರತ್ತುಪೋಚ್ಚು" ಎಂದರೆ ಆಯಿತು, ಕೇಳಲು ನಮ್ಮ ಮರಗಟ್ಟುವುದರ ಹತ್ತಿರವೇ ಇದೆ. ದಿಲ್ಲಿಯವರು "ಝುನ್‌ಝುನಿ" ಅನ್ನಿ. ತೊಂದರೆ ಕೊಡುವುದು "ಸಂಕಟ". ವ್ಯಾಯಾಮದ ನಡುವೆ ಅಮ್ಮ "ಯಾಕೋ ಸಂಕಟ ಆಗ್ತಿದೆ" ಅಂದರೆ ಹೊಟ್ಟೆ ತೊಳಸುವುದು, ಎದೆ ಹಿಂಡುವುದು, ಬೆವರುವುದು ಎಲ್ಲ ಅದರಲ್ಲಿರಬಹುದು. ಹಿಂದಿಯವರ ಕಿವಿಗೆ ಸಂಕಟ್ ಎಂದರೆ ಆಪತ್ತು. ನಮ್ಮ ಪಟ್ಟಿಯಲ್ಲಿ ಅದನ್ನು ಅನುವಾದಿಸದೆ ಹಾಗೇ ಬಿಟ್ಟು, ಎದುರಿಗೆ "ಕೂರಿಸಿ, ನೀರು ಕೊಡಿ, ಮಕ್ಕಳಿಗೆ ಫೋನ್ ಮಾಡಿ" ಎಂದು ಬರೆಸಿದ್ದೇನೆ. ನಿಮ್ಮ ಊರಿನ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದವಿದ್ದರೆ ಬರೆದು ಕಳಿಸಿ, ಮುಂದಿನ ಕಂತಿನಲ್ಲಿ ಹಾಕೋಣ.